ಪೇಟೆಯ ಸಿರಿಯೂ ಪಡಸಾಲೆಯ ಬಾಗಿಲೂ

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಹುಬ್ಬಳ್ಳಿಯ ಕಡೆಗೆ ಹೊರಟವರಿಗೆ ಮೊದಲು ಸಿಗುವುದು ರಾಣೇಬೆನ್ನೂರು. ಮುಂದೆ ಮೋಟೆಬೆನ್ನೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಪಕ್ಕಕ್ಕೆ ಹೊರಳಿದರೆ ಬ್ಯಾಡಗಿ, ನೇರವಾಗಿ ಮುಂದುವರಿದರೆ ಹಾವೇರಿ. ಸುಮಾರು 35 ಕಿಲೋಮೀಟರ್ ಹಾದಿಯಲ್ಲಿ ಈ ಮೂರು ಪೇಟೆಗಳು ಒಂದೇ ದಾರದಲ್ಲಿ ಪೋಣಿಸಿದ ರುದ್ರಾಕ್ಷಿಗಳಂತೆ ಇವೆ. ಈಚೆಗೆ ದೂರದ ಊರಿನಿಂದ ಬಂದ ಆಪ್ತರೊಬ್ಬರನ್ನು ನಾವು ಈ ಹಾದಿಯಲ್ಲಿ ಕರೆತಂದೆವು. ಹೊಸ ಬಡಾವಣೆಗಳ ಎರಡಂತಸ್ತಿನ ಮನೆಗಳನ್ನೂ ಅವುಗಳ ಮುಂದಿನ ಕಾರುಗಳನ್ನೂ ಹೊಳೆಯುವ ಮಳಿಗೆಗಳನ್ನೂ ಕಂಡು ಅವರು, “ಇವು ಬರಿಯ ಸಂತೆಯ ಊರುಗಳೆಂದು ತಿಳಿದಿದ್ದೆವು, ಇಲ್ಲಿಯೂ ಬೆಂಗಳೂರಿನಂಥ ಬಡಾವಣೆಗಳಾಗಿವೆಯಲ್ಲ! ಈ ಸಿರಿ ಎಲ್ಲಿಂದ ಬಂದಿತು?” ಎಂದು ಕೇಳಿದರು. ಅಂದು ನಾವು ಕೊಟ್ಟ ಉತ್ತರ ಚಿಕ್ಕದು. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಪೂರ್ಣ ಉತ್ತರ ಹೇಳುವ ಪ್ರಯತ್ನವೇ ಈ ಬರಹ.

ಈ ಊರುಗಳು ನಿನ್ನೆ ಮೊನ್ನೆಯವಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ್ದು. ದೇವಾಲಯಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದ್ದರೆ ಇದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದ ಮೇಲೆ, ಮುಕ್ತೇಶ್ವರ ದೇವಾಲಯವಿದೆ. ಆ ಊರಿನ ಹೆಸರಿನಲ್ಲಿಯೇ ನಿಜಶರಣ ಅಂಬಿಗರ ಚೌಡಯ್ಯನವರ ಸ್ಮರಣೆ ಉಳಿದಿದೆ. ಜನರನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದು ಆ ಶರಣನ ಕಾಯಕ, ನಿಷ್ಠುರವಾದ ಸತ್ಯವನ್ನು ನುಡಿಯುವುದು ಆತನ ಧರ್ಮ. 1800ರಲ್ಲಿ ದೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿಯ ಸೈನ್ಯವು ರಾಣೇಬೆನ್ನೂರಿನ ಕೋಟೆಯನ್ನು ಮುತ್ತಿ ಹಿಡಿಯಿತು. ಅನಂತರ ಈ ನಾಡು ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಏಕೀಕರಣವಾಗುವವರೆಗೆ ಅಲ್ಲಿಯೇ ಇದ್ದಿತು. ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ.

ಆದರೆ ಕೋಟೆಯೂ ಕಚೇರಿಯೂ ಈ ಪೇಟೆಗಳಿಗೆ ಸಿರಿಯನ್ನು ತರಲಿಲ್ಲ. ಸಿರಿ ಬಂದದ್ದು ಅವು ನಿಂತ ನೆಲೆಯಿಂದ. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಎರೆಯ ಹೊಲಗಳ ಬಯಲುಸೀಮೆ. ಅಡಕೆ, ಅಕ್ಕಿ, ಏಲಕ್ಕಿಗಳು ಒಂದು ದಿಕ್ಕಿನಿಂದಲೂ ಜೋಳ, ಹತ್ತಿ, ಮೆಣಸಿನಕಾಯಿಗಳು ಇನ್ನೊಂದು ದಿಕ್ಕಿನಿಂದಲೂ ಹೇರಿನ ಎತ್ತುಗಳ ಮೇಲೆ ಬಂದು ಇಲ್ಲಿ ಕೈ ಬದಲಾಗುತ್ತಿದ್ದವು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಹುಬ್ಬಳ್ಳಿ ಹರಿಹರಗಳ ನಡುವೆ ಹಳಿ ಹಾಕಿದಾಗ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ನಿಲ್ದಾಣಗಳಾದವು. ಚಕ್ಕಡಿಯಲ್ಲಿ ಬಂದ ಮಾಲು ಮುರ್ಮಗೋವೆಯ ಬಂದರನ್ನು ಕಾಣಲು ದಾರಿಯಾಯಿತು. ನಿಲ್ದಾಣದ ಸುತ್ತ ವಖಾರಗಳು, ವಖಾರಗಳ ಸುತ್ತ ಅಡತಿ ಅಂಗಡಿಗಳು, ಅಂಗಡಿಗಳ ಸುತ್ತ ಮನೆಗಳು ಎದ್ದವು. ನಮ್ಮ ಸಮಾಜದ ಬಣಜಿಗ ಮನೆತನಗಳನೇಕವು ಹಳ್ಳಿಗಳಿಂದ ಬಂದು ಇಲ್ಲಿ ನೆಲೆಸಿದವು.

ಮೂರು ಪೇಟೆಗಳಿಗೂ ಒಂದೊಂದು ಹೆಸರಾದ ಸರಕುಂಟು. ಹಾವೇರಿಯದು ಏಲಕ್ಕಿ. ವಿಚಿತ್ರವೆಂದರೆ ಹಾವೇರಿಯ ಹೊಲಗಳಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಒಣಗಿಸಿ, ಬಿಳುಪು ಮಾಡಿ ಹೊರನಾಡಿಗೆ ಕಳಿಸುವ ಉದ್ಯೋಗ ಹಿಂದೆ ಇಲ್ಲಿತ್ತು. ಆ ಉದ್ಯೋಗ ಹೋದರೂ ಏಲಕ್ಕಿಯ ಹಾರ ಉಳಿಯಿತು. ಕಾಯಿಗಳನ್ನು ಒಂದೊಂದಾಗಿ ಆರಿಸಿ ಪೋಣಿಸುವ ಈ ಕುಶಲಕಲೆಯನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದವರು ಇಲ್ಲಿಯ ಮುಸಲ್ಮಾನ ಬಂಧುಗಳು. ನಮ್ಮ ಮಠಗಳ ಜಗದ್ಗುರುಗಳ ಕೊರಳಿಗೂ ಬಂದ ಅತಿಥಿಗಳ ಕೊರಳಿಗೂ ಅದೇ ಹಾರ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬಂದ ನಾಡಿನ ಸಾಹಿತಿಗಳು ಈ ಊರನ್ನು ನೆನೆದದ್ದೂ ಏಲಕ್ಕಿ ಕಂಪಿನ ನಾಡೆಂದೇ.

ಬ್ಯಾಡಗಿಯದು ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು; ಮೈಯೆಲ್ಲ ಸುಕ್ಕು. ಉದ್ದನೆಯದು ಕಡ್ಡಿ, ಗಿಡ್ಡನೆಯದು ಡಬ್ಬಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ನಮ್ಮ ಮನೆಗಳ ಸಾರಿಗೆ ಕೆಂಪು ಕೊಡುವ ಈ ಕಾಯಿಯಿಂದ ತೆಗೆದ ರಸಸಾರವು ದೇಶವಿದೇಶಗಳ ಆಹಾರ ಪದಾರ್ಥಗಳಿಗೂ ತುಟಿಯ ಬಣ್ಣಕ್ಕೂ ಸಲ್ಲುತ್ತದೆ. ಇಲ್ಲಿಯೂ ಅದೇ ವಿಚಿತ್ರ: ಬ್ಯಾಡಗಿಯ ಮಾರುಕಟ್ಟೆಗೆ ಬರುವ ಕಾಯಿಯ ಬಹುಭಾಗ ಬೆಳೆಯುವುದು ಬ್ಯಾಡಗಿಯಲ್ಲಲ್ಲ. ಕುಂದಗೋಳ, ಅಣ್ಣಿಗೇರಿ, ಗದಗಗಳ ಎರೆಭೂಮಿಯಿಂದ, ಬಳ್ಳಾರಿ, ರಾಯಚೂರುಗಳಿಂದ, ಆಂಧ್ರದ ಸೀಮೆಯಿಂದ ಲಾರಿಗಳು ಬರುತ್ತವೆ. ಸುಗ್ಗಿಯಲ್ಲಿ ಊರಿನ ಬಯಲೆಲ್ಲ ಕೆಂಪಗಾಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕುಳಿತು ತೊಟ್ಟು ಬಿಡಿಸುವ ತಾಯಂದಿರ ಕೈಗಳ ಮೇಲೆ ಆ ವ್ಯಾಪಾರವೆಲ್ಲ ನಿಂತಿದೆ.

ರಾಣೇಬೆನ್ನೂರಿನದು ಹತ್ತಿ, ಮತ್ತು ಹತ್ತಿಯ ಹಿಂದೆ ಬಂದ ಬೀಜ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ರೂಪಿಸಿದ ಬಳಿಕ ಸಂಕರ ಬೀಜ ಸಿದ್ಧಪಡಿಸುವ ಕಾರ್ಯ ಈ ಭಾಗದ ಹೊಲಗಳಲ್ಲಿ ಹಬ್ಬಿತು. ಹತ್ತಿಯ ಜೊತೆಗೆ ಟೊಮೆಟೊ, ಮೆಣಸಿನಕಾಯಿ, ಸೌತೆ ಮೊದಲಾದ ತರಕಾರಿಗಳ ಬೀಜವೂ ಸೇರಿತು; ಕಂಪನಿಗಳು ಬಂದವು. ಅರಳುವ ಮುನ್ನಾ ದಿನ ಮೊಗ್ಗನ್ನು ಬಿಡಿಸಿ ಗಂಡುಭಾಗವನ್ನು ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸೋಕಿಸಬೇಕು. ಒಂದೊಂದು ಹೂವಿಗೂ ಒಂದೊಂದು ಸಲ ಮನುಷ್ಯನ ಬೆರಳು ಮುಟ್ಟಬೇಕು. ಸಿದ್ಧಪಡಿಸಿದ ಬೀಜ ಶುದ್ಧವಲ್ಲವೆಂದು ಪರೀಕ್ಷೆಯಲ್ಲಿ ಹೊರಬಿದ್ದರೆ ಆ ಹಂಗಾಮಿನ ದುಡಿಮೆಯೆಲ್ಲ ರೈತನ ತಲೆಯ ಮೇಲೆ ಬರುತ್ತದೆ.

ಈ ಮೂರು ಸರಕುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಒಂದು ಮಾತು ಸ್ಪಷ್ಟವಾಯಿತು. ಪೇಟೆ ಏನನ್ನೂ ಬೆಳೆಯುವುದಿಲ್ಲ, ಅಳೆಯುತ್ತದೆ. ಅನ್ಯರು ಬೆಳೆದುದನ್ನು ತೊಳೆದು, ತೂಗಿ, ಆರಿಸಿ, ಕಟ್ಟಿ ಕಳಿಸುವುದರಿಂದಲೇ ಅದರ ಬದುಕು. ಆದ್ದರಿಂದ ಹೊಲಕ್ಕೆ ಮಳೆ ಹೇಗೋ ಪೇಟೆಗೆ ನಂಬಿಕೆ ಹಾಗೆ. ತಕ್ಕಡಿಯ ಮೇಲಿನ ನಂಬಿಕೆ ಮತ್ತು ಬಾಗಿಲಿನ ಮೇಲಿನ ನಂಬಿಕೆ, ಇವೆರಡೂ ಇರುವವರೆಗೆ ಬಂಡಿ ಬರುತ್ತದೆ.

ಬಾಗಿಲಿನ ಮಾತು ಹೇಳಲು ನಮ್ಮ ಬಾಲ್ಯದ ಒಂದು ಪ್ರಸಂಗ ಅವಶ್ಯ. ನಮಗೆ ಹತ್ತು ವರ್ಷವಿದ್ದಾಗ ತಂದೆಯವರು ನಮ್ಮನ್ನು ಮೊದಲ ಸಲ ಮೆಣಸಿನಕಾಯಿಯ ಚಕ್ಕಡಿಯ ಮೇಲೆ ಕೂರಿಸಿಕೊಂಡು ಪೇಟೆಗೆ ಕರೆದೊಯ್ದರು. ರಾತ್ರಿಯೆಲ್ಲ ಪ್ರಯಾಣ, ಬೆಳಗಾಗುವಾಗ ಅಡತಿ ಅಂಗಡಿಯ ಮುಂದೆ ಎತ್ತು ಬಿಟ್ಟೆವು. ಆ ಕಾಲದ ಅಡತಿ ಅಂಗಡಿ ಎಂದರೆ ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಿಲಲ್ಲಿ ಬಾವಿ. ರೈತ ಮುಖ ತೊಳೆದು, ವಿಭೂತಿ ಧರಿಸಿ, ಲಿಂಗಪೂಜೆ ಮಾಡಿಕೊಳ್ಳಲು ಅಲ್ಲಿಯೇ ಒಂದು ಮೂಲೆ. ಬುತ್ತಿಯ ರೊಟ್ಟಿಗೆ ಮನೆಯೊಳಗಿನಿಂದ ಬಿಸಿ ಸಾರು ಬರುತ್ತಿತ್ತು. ಮಾಲು ಅಂದು ಹೋಗದಿದ್ದರೆ ಅದೇ ಪಡಸಾಲೆಯಲ್ಲಿ ಚಾಪೆ. ಎಷ್ಟು ದಿನವೆಂದು ಕೇಳುವವರಿಲ್ಲ.

ಎಲ್ಲವೂ ಚೆಂದವಾಗಿತ್ತೆಂದು ಹೇಳಿದರೆ ಅಸತ್ಯವಾದೀತು. ಅಂದು ಪಟ್ಟಿ ಬರೆಯುವಾಗ ಗುಮಾಸ್ತರು ತೂಕದಲ್ಲಿ ಇಷ್ಟು, ಹಮಾಲಿ ಇಷ್ಟು, ದಲಾಲಿ ಇಷ್ಟು ಎಂದು ಕಡಿಯುತ್ತ ಹೋದರು. ಕೊನೆಗೆ “ಧರ್ಮಾದಾಯ” ಎಂದು ಇನ್ನಷ್ಟು ಕಡಿದರು. ಇಂಥ ಕಡಿತಗಳನ್ನು ತಡೆಯಲೆಂದೇ ಮುಂಬಯಿ ಸರಕಾರ 1939ರಲ್ಲಿಯೂ ಕರ್ನಾಟಕವು 1966ರಲ್ಲಿಯೂ ಮಾರುಕಟ್ಟೆ ಕಾಯಿದೆಗಳನ್ನು ತಂದಿದ್ದವು. ಆದರೆ ಕಾಯಿದೆ ಬಂದಷ್ಟು ಬೇಗ ರೂಢಿ ಹೋಗುವುದಿಲ್ಲ. ಮರಳುವಾಗ ನಾವು, “ಅಪ್ಪಾ, ಧರ್ಮಾದಾಯ ಅಂದರೇನು?” ಎಂದು ಕೇಳಿದೆವು. ತಂದೆಯವರು, “ಸಾಹುಕಾರರು ಮಠಕ್ಕೆ, ಸಾಲಿಗೆ ಕೊಡುವ ದಾನ” ಎಂದರು. “ಅದನ್ನು ನಮ್ಮ ರೊಕ್ಕದಾಗ ಯಾಕ ಮುರಕೊಂಡರು?” ಎಂಬ ನಮ್ಮ ಮರುಪ್ರಶ್ನೆಗೆ ಅವರು ಎತ್ತುಗಳನ್ನು ಚಪ್ಪರಿಸಿದರೇ ಹೊರತು ಉತ್ತರ ಕೊಡಲಿಲ್ಲ.

ಉತ್ತರ ಎರಡು ವರ್ಷದ ಮೇಲೆ ದೊರೆಯಿತು. ಮಳೆ ಕೈಕೊಟ್ಟು, ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಿ, ತಂದೆಯವರು ನಮ್ಮನ್ನು ಹಾವೇರಿಗೆ ತಂದು ಮಠದ ಪ್ರಸಾದ ನಿಲಯದಲ್ಲಿ ಬಿಟ್ಟರು. ಈ ನಾಡಿನಲ್ಲಿ ಪ್ರಸಾದ ನಿಲಯವೆಂಬುದು ಎಂಥ ದೊಡ್ಡ ಸಂಸ್ಥೆಯೆಂಬುದನ್ನು ವಾಚಕರಿಗೆ ನಾವು ಹೇಳಬೇಕಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ, ಜೋಳಿಗೆ ಹಿಡಿದು ನಾಡು ಸುತ್ತಿದರು. ಆ ಜೋಳಿಗೆಯ ಮಾರ್ಗದಲ್ಲಿಯೇ ನಮ್ಮ ಮಠಗಳು ನಡೆದವು. ಹಾವೇರಿಯ ಹುಕ್ಕೇರಿಮಠ, ಹೊಸಮಠಗಳ ಹೆಸರು ಹೇಳಿದರೆ ಇಂದಿಗೂ ಕೈಮುಗಿಯುವ ಎಷ್ಟೋ ಅಧಿಕಾರಿಗಳು, ಅಧ್ಯಾಪಕರು, ವೈದ್ಯರು ನಾಡಿನಾದ್ಯಂತ ಇದ್ದಾರೆ.

ನಾವು ಅಲ್ಲಿ ಉಂಡ ಜೋಳದ ನುಚ್ಚು ಪೇಟೆಯ ವಖಾರದಿಂದ ಬಂದದ್ದು. ಸುಗ್ಗಿಯಲ್ಲಿ ಸ್ವಾಮಿಗಳು ಕಣಕಣಗಳಿಗೆ ಹೋಗುತ್ತಿದ್ದರು. ಪೇಟೆಯ ವರ್ತಕರೂ ಚೀಲಗಟ್ಟಲೆ ಕಳಿಸುತ್ತಿದ್ದರು. ಒಂದು ದಿನ ಚೀಲ ಇಳಿಸುವಾಗ ನಾವು ಹಿರಿಯ ಶಾಸ್ತ್ರಿಗಳಿಗೆ ಅಂದಿನ ಧರ್ಮಾದಾಯದ ಕಥೆ ಹೇಳಿದೆವು. ಅವರು ನಕ್ಕು, “ಹಾಗಾದರೆ ನೀ ಉಣ್ಣುವುದು ನಿಮ್ಮಪ್ಪನ ಅನ್ನವೇ. ಸಾಹುಕಾರರ ಕೈ ಮುಟ್ಟಿ ಬಂತು, ಮಠದ ಕೈ ಮುಟ್ಟಿ ಪ್ರಸಾದವಾಯಿತು. ಕೊಟ್ಟವರಿಗೆ ನಾನು ಕೊಟ್ಟೆ ಎನ್ನುವ ಹಮ್ಮು ಬರಬಾರದು, ಉಂಡವರಿಗೆ ಮರೆವು ಬರಬಾರದು” ಎಂದರು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಮುಂದೆ ನಾವು ಎಷ್ಟೋ ಗ್ರಂಥಗಳಲ್ಲಿ ಓದಿದೆವು, ಪಾಠವನ್ನೂ ಹೇಳಿದೆವು. ಆದರೆ ಅದನ್ನು ಅರಿತದ್ದು ಆ ಚೀಲದ ಪಕ್ಕದಲ್ಲಿ.

ಹೀಗೆ ರೈತನಿಂದ ಪೇಟೆಗೆ, ಪೇಟೆಯಿಂದ ಮಠಕ್ಕೆ, ಮಠದಿಂದ ರೈತನ ಮಗನಿಗೆ ಒಂದು ಸುತ್ತು ತಿರುಗುತ್ತಿತ್ತು. ಅದರಲ್ಲಿ ಸೋರಿಕೆ ಇತ್ತು, ಅನ್ಯಾಯವೂ ಇತ್ತು. ಆದರೆ ಸುತ್ತು ಮುರಿದಿರಲಿಲ್ಲ. ಇದೇ ಮಣ್ಣಿನ ಮೋಟೆಬೆನ್ನೂರಿನಲ್ಲಿ ಹುಟ್ಟಿ, 1930ರಲ್ಲಿ ಮಹಾತ್ಮರೊಡನೆ ದಂಡಿಗೆ ನಡೆದ ಮೈಲಾರ ಮಹದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪ್ರಾಣ ಕೊಟ್ಟದ್ದು ಪರಕೀಯ ಸರಕಾರದ ಕಂದಾಯದ ಠಾಣೆಯ ಮೇಲೆ ಮಾಡಿದ ದಾಳಿಯಲ್ಲಿ. ರೈತನ ಹಣ ರೈತನಿಗೆ ಮರಳದೆ ಹೊರಗೆ ಹೋಗುವುದನ್ನು ಈ ನೆಲ ಎಂದೂ ಸುಮ್ಮನೆ ನೋಡಿಲ್ಲ.

ಈಚಿನ ವರ್ಷಗಳಲ್ಲಿ ಆ ಸುತ್ತು ಸಡಿಲಗೊಂಡಿದೆಯೆಂಬ ಭಯ ನಮಗೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಬಿತ್ತನೆಯ ಕಾಲಕ್ಕೆ ಗೊಬ್ಬರ ಬೇಕೆಂದು ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿ, ರೈತರು ಸತ್ತರು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ದಿಢೀರನೆ ಕುಸಿಯಿತೆಂದು ಕೆರಳಿದ ರೈತರು ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ನಾವು ಸರಿಯೆನ್ನುವುದಿಲ್ಲ. ಆದರೆ ದೂರದ ಸೀಮೆಯಿಂದ ವರ್ಷದ ದುಡಿಮೆಯನ್ನು ಹೇರಿಕೊಂಡು ಬಂದವನಿಗೆ ಅಂದು ಮಾತನಾಡಲು ಗಣಕಯಂತ್ರದ ಪರದೆಯ ಮೇಲಿನ ಅಂಕಿ ಒಂದೇ ಇತ್ತು. ಕುಳಿತು ಕೇಳುವ ಪಡಸಾಲೆ ಇರಲಿಲ್ಲ. ಈಗಿನ ವಿದ್ಯುನ್ಮಾನ ತೂಕ ಹಳೆಯ ತಕ್ಕಡಿಗಿಂತ ನಿಖರವಾದುದು. ಅದು ಒಳ್ಳೆಯದೇ. ತಕ್ಕಡಿ ಸುಧಾರಿಸಿತು, ಆದರೆ ಬಾಗಿಲು ಮುಚ್ಚಿತು ಎಂದು ನಮಗೆ ತೋರುತ್ತದೆ.

ಇದನ್ನು ಪೇಟೆಯವರನ್ನು ದೂರಲು ಬರೆಯುತ್ತಿಲ್ಲ. ದೂರು ನಮ್ಮ ಮೇಲೆಯೇ ಇದೆ. ನಿವೃತ್ತಿಯ ಬಳಿಕ ನಾವು ವಾಸಿಸುತ್ತಿರುವುದು ಈ ಮೂರು ಊರುಗಳಲ್ಲೊಂದರ ಹೊಸ ಬಡಾವಣೆಯಲ್ಲಿ. ಮಗ ಕಟ್ಟಿಸಿದ ಮನೆ. ಎತ್ತರದ ಆವರಣ, ಕಬ್ಬಿಣದ ಗೇಟು. ಹಿಂದೆ ಇದು ಜೋಳದ ಹೊಲವಾಗಿತ್ತು. ಮನೆಗೆ ಮಹಾಮನೆಯ ನೆನಪಿನ ಹೆಸರನ್ನು ನಾವೇ ಸೂಚಿಸಿದೆವು. ಅದು ಗೇಟಿನ ಪಕ್ಕದಲ್ಲಿ ಕಲ್ಲಿನ ಮೇಲೆ ಕೆತ್ತಿದೆ. ಅದೇ ವರ್ಷದ ಬೇಸಿಗೆಯ ಒಂದು ಸಂಜೆ ನಾವು ಇಷ್ಟಲಿಂಗ ಪೂಜೆಗೆ ಕುಳಿತಿದ್ದಾಗ ಹೊರಗೆ ಯಾರೋ ಮುದುಕರು ಕರೆಯುವ ದನಿ ಕೇಳಿತು. ನೀರು ಕೇಳುತ್ತಿದ್ದರು. ಮನೆಯ ಕಿರಿಯರು ಬಾಗಿಲಿನಿಂದಲೇ, “ಮುಂದೆ ಅಂಗಡಿ ಅದ, ಅಲ್ಲಿ ಹೋಗ್ರಿ” ಎಂದರು. ಅಪರಿಚಿತರಿಗೆ ಗೇಟು ತೆಗೆಯಬೇಡಿರೆಂದು ಅವರಿಗೆ ಕಲಿಸಿದವರು ನಾವೇ. ಮುದುಕರು ಇನ್ನೊಮ್ಮೆ ಕೇಳಿದರು. ಲಿಂಗ ನಮ್ಮ ಅಂಗೈಯಲ್ಲಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಪೂಜೆಯ ಮಧ್ಯೆ ಮಾತನಾಡಬಾರದೆಂದು ನಾವು ಸುಮ್ಮನಿದ್ದೆವು.

ಪೂಜೆ ಮುಗಿಸಿ ಹೊರಗೆ ಬಂದಾಗ ರಸ್ತೆಯಲ್ಲಿ ಯಾರೂ ಇರಲಿಲ್ಲ. ಮೊಮ್ಮಗ ಹೇಳಿದ: “ಅವರ ಹೆಗಲ ಮ್ಯಾಲೆ ಖಾಲಿ ಚೀಲ ಇದ್ದವು ಅಜ್ಜಾ, ಮೆಣಸಿನಕಾಯಿ ವಾಸನಿ ಬರತಿತ್ತು.” ಅಂದು ನಾವು ಪ್ರಸಾದ ಸ್ವೀಕರಿಸಲಿಲ್ಲ. ಚಕ್ಕಡಿಯ ಮೇಲೆ ಕುಳಿತ ಹತ್ತು ವರ್ಷದ ಹುಡುಗ, ಹಿತ್ತಿಲ ಬಾವಿಯಿಂದ ನೀರು ಸೇದಿ ಕೊಟ್ಟ ಆ ಮನೆಯ ತಾಯಿ ಕಣ್ಣ ಮುಂದೆ ಬಂದರು. ಜಂಗಮ ಗೇಟಿನಲ್ಲಿ ನಿಂತಿದ್ದ, ನಾವು ಸ್ಥಾವರವಾಗಿ ಒಳಗೆ ಕುಳಿತಿದ್ದೆವು. ನಲವತ್ತು ವರ್ಷ ಇದೇ ತತ್ತ್ವವನ್ನು ವೇದಿಕೆಗಳಲ್ಲಿ ವಿವರಿಸಿದವರು ನಾವು.

ಮರುದಿನ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ, ಒಂದು ಮಣ್ಣಿನ ಹರವಿ ಇಡಿಸಿ ತಂಬಿಗೆ ಕಟ್ಟಿಸಿದೆವು; ಕೂರಲು ಒಂದು ಕಲ್ಲಿನ ಹಾಸನ್ನು ಹಾಕಿಸಿದೆವು. ಇದು ಪ್ರಾಯಶ್ಚಿತ್ತವೆಂದು ನಾವು ಭಾವಿಸಿಲ್ಲ. ಆ ಮುದುಕರು ಯಾರೆಂದು ತಿಳಿದಿಲ್ಲ. ಆ ನೀರು ಅವರಿಗೆ ಸೇರಲಿಲ್ಲ. ಆದರೂ ಹರವಿ ತುಂಬುವ ಕೆಲಸವನ್ನು ಮೊಮ್ಮಗ ತಾನಾಗಿ ವಹಿಸಿಕೊಂಡಿದ್ದಾನೆ. ನಮ್ಮ ಓಣಿಯಲ್ಲಿ ಈಗ ಇನ್ನೂ ಎರಡು ಮನೆಗಳ ಮುಂದೆ ಹರವಿ ಇವೆ.

ಆಪ್ತರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಈ ಸಿರಿ ಮಲೆನಾಡಿನ ಇಳಿಜಾರಿನಿಂದ, ಎರೆಯ ಹೊಲದಿಂದ, ತೊಟ್ಟು ಬಿಡಿಸುವ ಕೈಗಳಿಂದ, ಮೊಗ್ಗು ಬಿಡಿಸುವ ಬೆರಳುಗಳಿಂದ ಬಂದಿತು. ಅದು ಇಲ್ಲಿ ಸ್ವಲ್ಪ ಹೊತ್ತು ತಂಗಿದೆ, ಅಷ್ಟೆ. ಸದ್ಭಕ್ತರಾದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟು: ಮನೆ ದೊಡ್ಡದಾಗಲಿ, ಮಕ್ಕಳು ಓದಿ ಮುಂದೆ ಬರಲಿ, ವ್ಯಾಪಾರ ಬೆಳೆಯಲಿ. ಇವೊಂದೂ ಶರಣಧರ್ಮಕ್ಕೆ ವಿರುದ್ಧವಲ್ಲ. ಕಾಯಕದಿಂದ ಬಂದ ಸಿರಿಯನ್ನು ಬಸವಾದಿ ಪ್ರಮಥರು ಹಳಿಯಲಿಲ್ಲ. ವರ್ಷಕ್ಕೊಂದು ಸಲ ಜಾತ್ರೆಯ ಪಟ್ಟಿಯಲ್ಲಿ ಹೆಸರು ಬರೆಸುವುದೂ ಇರಲಿ. ಆದರೆ ಸುಗ್ಗಿಯ ಕಾಲದಲ್ಲಿ ನಿಮ್ಮ ಊರಿಗೆ ಮಾಲು ತಂದವನು ಎಲ್ಲಿ ಉಂಡ, ಎಲ್ಲಿ ಮಲಗಿದ ಎಂಬುದನ್ನು ಒಮ್ಮೆ ವಿಚಾರಿಸಿ. ಹೊಸ ಮನೆಯ ನಕ್ಷೆ ಹಾಕಿಸುವಾಗ ಕಾರಿಗೆ ಜಾಗ ಬಿಡುವಂತೆ ಬಂದವರಿಗೆ ಕೂರಲು ಒಂದು ಕಟ್ಟೆಗೂ ಜಾಗ ಬಿಡಿ. ಪೂಜೆಯಲ್ಲಿದ್ದಾಗ ಯಾರಾದರೂ ನೀರು ಕೇಳಿದರೆ ಎದ್ದು ಕೊಡಿ, ಪೂಜೆ ಕೆಡುವುದಿಲ್ಲ. ಕುಳಿತೇ ಇದ್ದು ಕೆಡಿಸಿಕೊಂಡ ನಾವು ಈ ಮಾತನ್ನು ಹೇಳುತ್ತಿದ್ದೇವೆ.